ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಮೈಯೆಲ್ಲ ನೋವು. ವಾಕಿಂಗ್ ಹೇಗೆ ಶುರು ಮಾಡಲಿ?

ಹೊಲಿಗೆಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಕೆ.ಟಿ.ಜೆ. ನಗರದವಳು, ವಯಸ್ಸು 44. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಾಲ್ಕು ವರ್ಷದ ಹಿಂದೆ ಕುತ್ತಿಗೆಯಲ್ಲಿ ನೋವು ಶುರುವಾಯಿತು. ಅದು ಹೆಗಲಿಗೆ ಇಳಿಯಿತು. ಆಮೇಲೆ ನಡು, ತೊಡೆ, ಹಿಮ್ಮಡಿ. ಬೆಳಗ್ಗೆ ಏಳುವಾಗ ರಾತ್ರಿಯೆಲ್ಲ ಮೂಟೆ ಹೊತ್ತ ಹಾಗಿರುತ್ತದೆ. ಎಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಾಗೇ ಇರುವುದಿಲ್ಲ.

ಎಕ್ಸ್‌ರೇ, ಎಂಆರ್‌ಐ, ರಕ್ತ ಪರೀಕ್ಷೆ ಎಲ್ಲ ಆಯಿತು. ಎಲ್ಲ ನಾರ್ಮಲ್. ಕೊನೆಗೆ ಒಬ್ಬರು ಡಾಕ್ಟರು ಮೈಯೆಲ್ಲ ಒತ್ತಿ ನೋಡಿ, ಅರ್ಧ ಗಂಟೆ ಮಾತಾಡಿಸಿ, ಇದು ಫೈಬ್ರೊಮಯಾಲ್ಜಿಯ, ಅಂದರೆ ಮೈಯೆಲ್ಲ ಬಹುಕಾಲ ನೋಯುವ ಕಾಯಿಲೆ ಅಂದರು. ರಾತ್ರಿಗೆ ಒಂದು ಮಾತ್ರೆ ಬರೆದುಕೊಟ್ಟು, ದಿನಾ ನಡೆಯಿರಿ ಅಂದರು. ಯಜಮಾನರು ಮೊಬೈಲ್‌ನಲ್ಲಿ ಹುಡುಕಿ, ಇದು ಡಿಪ್ರೆಶನ್ ಮಾತ್ರೆ ಅಂದರು. ಅವತ್ತಿನಿಂದ ಮನೆಯಲ್ಲಿ ನನ್ನ ನೋವನ್ನು ಯಾರೂ ನಂಬುತ್ತಿಲ್ಲ. ‘ರಿಪೋರ್ಟಲ್ಲೇ ಏನೂ ಇಲ್ಲ ಅಂದಮೇಲೆ ಇನ್ನೇನು’ ಅನ್ನುತ್ತಾರೆ ಅತ್ತೆ. ಅವರು ಕೆಟ್ಟವರೇನಲ್ಲ. ಕಣ್ಣಿಗೆ ಕಾಣದ್ದನ್ನು ಹೇಗೆ ನಂಬಿಯಾರು?

ಡಾಕ್ಟರು ಹೇಳಿದರಲ್ಲ ಅಂತ ಒಂದು ಭಾನುವಾರ ಕುಂದವಾಡ ಕೆರೆಗೆ ಹೋದೆ. ಗಾಳಿ ಚೆನ್ನಾಗಿತ್ತು, ಮೈ ಹಗುರ ಅನ್ನಿಸಿತು. ಪೂರ್ತಿ ಒಂದು ಸುತ್ತು ಹಾಕಿದೆ. ಅದೇ ಹುರುಪಿನಲ್ಲಿ ಮನೆಗೆ ಬಂದು ರೊಟ್ಟಿ ತಟ್ಟಿದೆ, ಬಾಕಿ ಇದ್ದ ನಾಲ್ಕು ಬ್ಲೌಸ್ ಮುಗಿಸಿದೆ. ಸೋಮವಾರದಿಂದ ಗುರುವಾರದವರೆಗೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ನಡೆದರೆ ಹೀಗೆ. ನಡೆಯದಿದ್ದರೆ ಮೈ ಸೆಟೆದುಕೊಳ್ಳುತ್ತದೆ. ನಿಮ್ಮಲ್ಲಿ ಯಾರಾದರೂ ಇದನ್ನು ದಾಟಿದ್ದೀರಾ? ಮನೆಯವರಿಗೆ ಏನಂತ ಹೇಳಿದಿರಿ?

ಕೋಟೆ ಕೆಳಗಿನವಳು, ಚಿತ್ರದುರ್ಗ

ತಂಗೀ, ನಿನ್ನ ಭಾನುವಾರದ ಕಥೆ ಓದಿ ನನ್ನದೇ ಅನ್ನಿಸಿತು. ನನಗೂ ಇದೇ ಕಾಯಿಲೆ, ಒಂಬತ್ತು ವರ್ಷವಾಯಿತು. ದಾಟಿದ್ದೇನೆ ಅಂತ ಹೇಳಲಾರೆ. ನೋವು ಇವತ್ತೂ ಇದೆ. ಆದರೆ ಹಾಸಿಗೆ ಹಿಡಿಯುವ ದಿನಗಳು ಕಡಿಮೆಯಾಗಿವೆ.

ನಾನೂ ನಿನ್ನ ಹಾಗೇ ಮಾಡುತ್ತಿದ್ದೆ. ಮೈ ಚೆನ್ನಾಗಿದ್ದ ದಿನ ಬಾಕಿ ಕೆಲಸವನ್ನೆಲ್ಲ ಬಾಚಿಕೊಂಡು ಮಾಡುವುದು, ಆಮೇಲೆ ಮೂರು ದಿನ ಬಿದ್ದುಕೊಳ್ಳುವುದು. ಇದನ್ನು ಬಿಡಿಸಿದ್ದು ಪಕ್ಕದ ಮನೆಯ ಅಕ್ಕ. ಅವರಿಗೆ ಮಂಡಿ ನೋವು. ‘ನೀನು ಎಷ್ಟು ನಡೀತೀಯೋ ಅಷ್ಟೇ ನಾನೂ ನಡೀತೀನಿ, ಬಾ’ ಅಂದರು. ಮೊದಲ ದಿನ ನಮ್ಮ ಗೇಟಿನಿಂದ ಮೂರನೇ ಲೈಟ್ ಕಂಬ, ಅಲ್ಲಿಂದ ವಾಪಸ್. ಇಷ್ಟಕ್ಕೇನಾ ಚಪ್ಪಲಿ ಮೆಟ್ಟಿದ್ದು ಅಂತ ನನಗೆ ಅಳು ಬಂತು. ಹತ್ತು ದಿನ ಅದೇ ಮೂರನೇ ಕಂಬ. ಮೈ ಹಗುರವಿದ್ದ ದಿನ ಇನ್ನೊಂದು ಕಂಬಕ್ಕೆ ಹೋಗೋಣ ಅಂದರೆ ಸೆರಗು ಹಿಡಿದು ತಿರುಗಿಸುತ್ತಿದ್ದರು. ನೋವು ಜಾಸ್ತಿ ಇದ್ದ ದಿನ ಬಾಗಿಲು ತಟ್ಟಿ ಜಗಲಿ ಮೇಲೆ ಕೂರುತ್ತಿದ್ದರು. ಬರಲ್ಲ ಅಂದರೂ ಎದ್ದು ಹೋಗುತ್ತಿರಲಿಲ್ಲ. ಪಾಪ, ಮಂಡಿ ನೋವಲ್ಲಿ ಕಾದು ಕೂತಿದ್ದಾರಲ್ಲ ಅಂತಲೇ ಎಷ್ಟೋ ಬೆಳಗ್ಗೆ ನಾನು ಎದ್ದಿದ್ದೇನೆ.

ಈಗ ನಾವು ಐದು ಜನ, ಕೋಟೆ ಕಡೆ ಹೋಗುತ್ತೇವೆ. ಮೂವರು ಏಕನಾಥೇಶ್ವರಿ ಗುಡಿಯವರೆಗೆ ಹತ್ತುತ್ತಾರೆ. ಅಕ್ಕ ಮತ್ತು ನಾನು ಕೆಳಗೇ ಬಾಗಿಲ ಹತ್ತಿರ ಕಲ್ಲಿನ ಮೇಲೆ ಕೂರುತ್ತೇವೆ. ಅಂಗೈ ಊರಿದರೆ ಕಲ್ಲಿನಲ್ಲಿ ರಾತ್ರಿಯ ತಂಪು ಇನ್ನೂ ಇರುತ್ತದೆ. ಅಲ್ಲೇ ಹೆಗಲು ಹತ್ತು ಸಲ ಹಿಂದಕ್ಕೆ ತಿರುಗಿಸುತ್ತೇನೆ. ಕುತ್ತಿಗೆ ನಿಧಾನಕ್ಕೆ ಎಡಕ್ಕೆ, ಬಲಕ್ಕೆ. ಅವರು ಇಳಿದು ಬಂದಮೇಲೆ ಎಲ್ಲರೂ ನಮ್ಮ ನಡಿಗೆಗೇ ನಡೆಯುತ್ತಾರೆ. ಬೇಗ ಬನ್ನಿ ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ.

ಮನೆಯವರ ವಿಷಯ. ನೋವು ನೋವು ಅಂದಾಗ ನಮ್ಮವರಿಗೆ ಏನು ಮಾಡಬೇಕು ಅಂತಲೇ ತೋಚುತ್ತಿರಲಿಲ್ಲ, ಸುಮ್ನೆ ಸಿಡುಕುತ್ತಿದ್ದರು. ಆಮೇಲೆ ನಾನು ಕೆಲಸ ಹೇಳಲು ಶುರು ಮಾಡಿದೆ. ‘ಇವತ್ತು ಕೊಡ ಎತ್ತಲು ಆಗಲ್ಲ, ನೀವು ಎತ್ತಿಡಿ, ಸಾರು ನಾನು ಮಾಡ್ತೀನಿ.’ ಎತ್ತಿಟ್ಟರು. ಮುಂದಿನ ಸಲ ಡಾಕ್ಟರ ಹತ್ತಿರ ಯಜಮಾನರನ್ನೂ ಕರೆದುಕೊಂಡು ಹೋಗು. ನಾವು ನೂರು ಸಲ ಹೇಳಿದ್ದನ್ನು ಡಾಕ್ಟರು ಒಂದು ಸಲ ಹೇಳಿದರೆ ಕಿವಿಗೆ ಬೀಳುತ್ತದೆ.

ಫಿಸಿಯೋ, ವಿದ್ಯಾನಗರ

ಆ ಮೂರನೇ ಕಂಬದ ಲೆಕ್ಕವೇ ನಾವೂ ಹೇಳಿಕೊಡುವುದು ಮೇಡಂ. ನೋವು ಜಾಸ್ತಿ ಇರುವ ದಿನವೂ ಆಗುವಷ್ಟರಿಂದ ಶುರು ಮಾಡಿ. 5 ನಿಮಿಷ ಅಂದರೆ 5, ಮೈ ಹಗುರವಿದ್ದರೂ 5. ಒಂದೆರಡು ವಾರದಲ್ಲಿ ಮೈ ಒಗ್ಗಿದ ಮೇಲೆ ಒಂದು ನಿಮಿಷ ಸೇರಿಸಿ. ನಡೆದ ಮೇಲೆ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮರುದಿನಕ್ಕೂ ಅದು ಇಳಿಯದಿದ್ದರೆ ಹಿಂದಿನ ಲೆಕ್ಕಕ್ಕೆ ಬನ್ನಿ.

ಈ ಕಾಯಿಲೆಯಲ್ಲಿ ಮೂಳೆ, ಕೀಲು ಸವೆದಿರುವುದಿಲ್ಲ. ಮಿದುಳು, ಬೆನ್ನುಹುರಿ ನೋವಿನ ಸುದ್ದಿಯನ್ನು ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತವೆ, ರೇಡಿಯೋ ವಾಲ್ಯೂಮ್ ಏರಿಸಿದ ಹಾಗೆ. ಅದು ಎಂಆರ್‌ಐಯಲ್ಲಿ ಕಾಣುವುದಿಲ್ಲ. ನಿಮ್ಮ ನೋವು ಪೂರ್ತಿ ನಿಜ. 3 ತಿಂಗಳು ಮೀರಿ ಉಳಿಯುವ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಬೇರೆ ಜಾಗವನ್ನೇ ಕೊಟ್ಟಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಯಜಮಾನರಿಗೆ ಇದನ್ನು ತೋರಿಸಿ.

ಡಿಪ್ರೆಶನ್‌ಗೆ ಕೊಡುವ ಕೆಲವು ಮಾತ್ರೆಗಳನ್ನು ನೋವು ತಗ್ಗಲಿ, ನಿದ್ದೆ ಬರಲಿ ಅಂತಲೂ ಕೊಡುತ್ತಾರೆ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ನೋವಿನ ಮಾತ್ರೆ ದಿನಾ ನುಂಗುವ ಅಭ್ಯಾಸವಿದ್ದರೆ ಅದನ್ನು ಡಾಕ್ಟರಿಗೆ ಹೇಳಿ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಕೀಲು ಊದಿದರೆ, ಕಾಲು ಮರಗಟ್ಟಿದರೆ, ಜ್ವರ ಬಂದರೆ, ತೂಕ ಇಳಿದರೆ ಕಾಯಬೇಡಿ, ಹೋಗಿ ತೋರಿಸಿ. ಮೂತ್ರ ಕಟ್ಟಿದರೆ ಅವತ್ತೇ ಹೋಗಬೇಕು.

ಹೊಲಿಗೆಮನೆ, ದಾವಣಗೆರೆ

ಅಕ್ಕಾ, ಸರ್, ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ನನ್ನ ಲೆಕ್ಕ ಎರಡನೇ ಬೇವಿನ ಮರದವರೆಗೆ. ಬ್ಲೌಸ್ ಹೊಲಿಸುವ ಒಬ್ಬರು ತಾವೇ ಜೊತೆಗೆ ಬರುತ್ತೇನೆ ಅಂದರು, ಶುಗರ್ ಇದೆಯಂತೆ ಅವರಿಗೆ. ಮೆಷಿನ್ ಮುಂದೆ ಕೂತಾಗ ಬಾಬಿನ್ ಖಾಲಿಯಾದಾಗೆಲ್ಲ ಎದ್ದು ಹೊಸಿಲವರೆಗೆ ಹೋಗಿ ಬರುತ್ತೇನೆ. ಕಳೆದ ಬುಧವಾರ ಮಾತ್ರ ಏಳಲು ಆಗಲಿಲ್ಲ. ಅವರು ಬಂದು ಕೂತು ಕಾಫಿ ಕುಡಿದು ಹೋದರು. ಗುರುವಾರ ನಡೆದೆವು.

ಯಜಮಾನರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮರುದಿನ ನೀರು ಬಂದಾಗ ನಾನು ಏಳುವಷ್ಟರಲ್ಲಿ ಆರು ಕೊಡ ತುಂಬಿ ಒಳಗೆ ತಂದಿಟ್ಟಿದ್ದರು. ಅತ್ತೆಯದು ಇನ್ನೂ ಅದೇ ಮಾತು.

ಇನ್ನೊಂದು ಕೇಳಬೇಕಿತ್ತು. ನನ್ನದು ಕಾಲಲ್ಲಿ ತುಳಿಯುವ ಮೆಷಿನ್. ಮೋಟಾರ್ ಹಾಕಿಸಿದರೆ ನಡುವಿಗೆ ಅನುಕೂಲವಾಗುತ್ತದಾ, ಇಲ್ಲ ಇನ್ನೂ ಜಾಸ್ತಿ ಹೊತ್ತು ಕೂತುಬಿಡುವ ಹಾಗಾಗುತ್ತದಾ? ಹಾಕಿಸಿಕೊಂಡವರು ಯಾರಾದರೂ ಇದ್ದರೆ ತಿಳಿಸಿ.