ಹಿಂದೆ ಕೆಲಸ ಬಿಟ್ಟಿದ್ದ ಶಾಲೆಗೇ ಮತ್ತೆ ಅರ್ಜಿ ಹಾಕುವಾಗ ಏನೇನು ನೋಡಿಕೊಳ್ಳಬೇಕು?

ಪ್ರಯೋಗಶಾಲೆ:
ಎಲ್ಲರಿಗೂ ನಮಸ್ಕಾರ. ನಾನು ಹಿಂದೆ ಇದ್ದ ಖಾಸಗಿ ಶಾಲೆಯಲ್ಲಿ ಹೈಸ್ಕೂಲ್ ವಿಜ್ಞಾನದ ಹುದ್ದೆ ಖಾಲಿ ಇದೆ ಅಂತ ಪ್ರಕಟಣೆ ಬಂದಿದೆ. ಜಗಳವಾಡಿ ಬಿಟ್ಟದ್ದಲ್ಲ, ನೋಟಿಸ್ ಪೀರಿಯಡ್ ಮುಗಿಸಿಯೇ ಬಂದದ್ದು. ಆಗಿನ ಪ್ರಿನ್ಸಿಪಾಲ್ ಈಗ ಇಲ್ಲ, ಸಹೋದ್ಯೋಗಿಗಳಲ್ಲಿ ಅರ್ಧದಷ್ಟು ಜನ ಇದ್ದಾರೆ. ಮೊದಲೇ ಫೋನ್ ಮಾಡಿ ಮಾತಾಡಲೋ, ಸುಮ್ಮನೆ ಎಲ್ಲರ ಹಾಗೆ ಅರ್ಜಿ ಹಾಕಲೋ? ಬಿಟ್ಟ ಕಾರಣವನ್ನು ಎಷ್ಟು ಬರೆಯಬೇಕು? ರೆಫರೆನ್ಸ್‌ಗೆ ಯಾರ ಹೆಸರು ಕೊಡಬೇಕು? ಈಗಿರುವ ಶಾಲೆಗೆ ಸದ್ಯಕ್ಕೆ ಗೊತ್ತಾಗಬಾರದು.

ಕರಿಹಲಗೆ:
ಮೇಡಂ, ಹಳಬರು ಎಡವುವುದು ಹೆಚ್ಚಾಗಿ ಒಂದೇ ಕಡೆ. "ನನ್ನ ಕೆಲಸ ಅವರಿಗೆ ಗೊತ್ತೇ ಇದೆಯಲ್ಲ" ಅಂತ ಅರ್ಜಿಯನ್ನು ಅರ್ಧ ಪುಟಕ್ಕೆ ಮುಗಿಸಿಬಿಡುತ್ತಾರೆ. ಆಯ್ಕೆ ಸಮಿತಿಯಲ್ಲಿ ಅಂಕ ಹಾಕುವ ಪದ್ಧತಿ ಇದ್ದರೆ ಅರ್ಜಿಯಲ್ಲಿ ಬರೆದದ್ದಕ್ಕೆ, ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿದ್ದಕ್ಕೆ ಮಾತ್ರ ಅಂಕ. ಸಮಿತಿಯ ಒಬ್ಬರಿಗೆ ನಿಮ್ಮ ಪಾಠ ಚೆನ್ನಾಗಿ ನೆನಪಿದ್ದರೂ ಉಳಿದವರು ಹಾಳೆಯಲ್ಲಿ ಇರುವುದನ್ನೇ ನೋಡುತ್ತಾರೆ. ಹಾಗಾಗಿ ನಿಮ್ಮ ಮುಖವನ್ನೇ ನೋಡದವರು ಓದುತ್ತಾರೆ ಅಂತ ಭಾವಿಸಿ ಬರೆಯಿರಿ: ಯಾವ ತರಗತಿ, ವಾರಕ್ಕೆ ಎಷ್ಟು ಪೀರಿಯಡ್, ಲ್ಯಾಬ್ ಜವಾಬ್ದಾರಿ ಇತ್ತೇ, ಕ್ಲಾಸ್ ಟೀಚರ್ ಆಗಿದ್ದಿರೇ, ಎಲ್ಲವೂ ಇರಲಿ.

ಅರ್ಜಿಯ ತೂಕ ಆ ಶಾಲೆ ಬಿಟ್ಟ ಮೇಲೆ ಮಾಡಿದ ಕೆಲಸದ ಮೇಲಿರಬೇಕು. ಹಳೆಯ ದಿನಗಳಿಗೆ ಒಂದು ಪ್ಯಾರಾ ಸಾಕು. ಹೊಸ ತರಗತಿ, ಮೌಲ್ಯಮಾಪನದ ಹೊಸ ವಿಧಾನ, ತರಬೇತಿ, ಕಲಿಕೆಯಲ್ಲಿ ಹಿಂದುಳಿದವರ ಜೊತೆ ಮಾಡಿದ ಕೆಲಸ, ಹೀಗೆ ಅಲ್ಲಿದ್ದಾಗ ನಿಮಗೆ ಬಾರದಿದ್ದ ಎರಡು ಮೂರು ಸಂಗತಿಗಳನ್ನು ಉದಾಹರಣೆ ಸಮೇತ ಬರೆಯಿರಿ. "ನಮ್ಮ ಶಾಲೆ" ಅಂತ ಬರೆಯಬೇಡಿ, ಹೊಸ ಪ್ರಿನ್ಸಿಪಾಲರಿಗೆ ಅದು ಹಕ್ಕು ಚಲಾಯಿಸಿದ ಹಾಗೆ ಕೇಳಿಸುತ್ತದೆ.

ಬಿಟ್ಟ ಕಾರಣಕ್ಕೆ ಒಂದೇ ವಾಕ್ಯ. ಅದು ನಿಮ್ಮ ರಾಜೀನಾಮೆ ಪತ್ರದಲ್ಲಿ ಇರುವುದಕ್ಕೆ ಹೊಂದಬೇಕು, ಆ ಪತ್ರ ಅವರ ಫೈಲ್‌ನಲ್ಲೇ ಇರುತ್ತದೆ. ಸೇರಿದ, ಬಿಟ್ಟ ದಿನಾಂಕಗಳನ್ನು ನೆನಪಿನಿಂದ ಬರೆಯದೆ ಸರ್ವಿಸ್ ಸರ್ಟಿಫಿಕೇಟ್ ಮುಂದಿಟ್ಟುಕೊಂಡು ಬರೆಯಿರಿ. ಬೇರೆ ಕಡೆ ಒಂದು ತಿಂಗಳ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಇಲ್ಲಿ ದಾಖಲೆ ಅವರ ಕಪಾಟಿನಲ್ಲೇ ಇದೆ! "ಈ ಹಿಂದೆ ಇಲ್ಲಿ ಕೆಲಸ ಮಾಡಿದ್ದೀರಾ" ಎಂಬ ಕಾಲಂ ಇದ್ದರೆ ಹಳೆಯ ಉದ್ಯೋಗಿ ಸಂಖ್ಯೆಯನ್ನೂ ಹಾಕಿ.

ರೆಫರೆನ್ಸ್ ವಿಚಾರ. ಸಂದರ್ಶನಕ್ಕೆ ಕೂರುವವರ ಹೆಸರನ್ನು ಕೊಡಬೇಡಿ. ಒಂದೋ ಆ ಹೆಸರನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಅವರೇ ಸಮಿತಿಯಿಂದ ಹಿಂದೆ ಸರಿಯಬೇಕಾಗುತ್ತದೆ, ಎರಡರಲ್ಲೂ ನಷ್ಟ ನಿಮಗೇ. ಆಗಿನ ಪ್ರಿನ್ಸಿಪಾಲ್ ಈಗ ಎಲ್ಲಿದ್ದರೂ ಸರಿ, ಒಪ್ಪಿಗೆ ಕೇಳಿ ಒಂದು ಹೆಸರು ಅವರದು ಕೊಡಿ. ಇನ್ನೊಂದು, ಅಲ್ಲಿಂದ ಬಂದ ಮೇಲೆ ನಿಮ್ಮ ಪಾಠ ನೋಡಿದವರದು. ಎರಡೂ ಹಳೆಯ ಕಾಲದವೇ ಆದರೆ ನಡುವಿನ ವರ್ಷಗಳಲ್ಲಿ ಏನಾಯಿತು ಎಂಬ ಅನುಮಾನ ಬರುತ್ತದೆ.

ಸ್ಟಾಫ್‌ರೂಮ್ ಕಿಟಕಿ:
ಮೇಲಿನದಕ್ಕೆ ಪೂರಕವಾಗಿ, ಫೋನ್ ಬಗ್ಗೆ. ಮಾಡಿ, ಆದರೆ ಶಿಫಾರಸಿಗಲ್ಲ. ಪ್ರಿನ್ಸಿಪಾಲರಿಗೆ "ಹಿಂದೆ ಇಲ್ಲಿ ಕೆಲಸ ಮಾಡಿದ್ದೆ, ಅರ್ಜಿ ಹಾಕುತ್ತಿದ್ದೇನೆ, ನಿಮಗೆ ತಿಳಿದಿರಲಿ ಅಂತ ಹೇಳಿದೆ" ಅಂದರೆ ಮುಗಿಯಿತು. ಬೇರೆಯವರ ಬಾಯಿಂದ ಅವರಿಗೆ ಮೊದಲು ಸುದ್ದಿ ಹೋಗಬಾರದು, ಅಷ್ಟೇ ಉದ್ದೇಶ.

ಆಫೀಸಿನಲ್ಲಿ ಇನ್ನೆರಡು ಸಂಗತಿ ಕೇಳಿಕೊಳ್ಳಿ. ಬಿಟ್ಟವರನ್ನು ಮರುನೇಮಕ ಮಾಡಲು ಏನಾದರೂ ನಿರ್ಬಂಧ ಅಥವಾ ಕಾಯುವ ಅವಧಿ ಇದೆಯೇ? ನಿಮ್ಮ ಹೆಸರಿನಲ್ಲಿ ಬಾಕಿ ಏನಾದರೂ ಉಳಿದಿದೆಯೇ? ಲೈಬ್ರರಿ ಪುಸ್ತಕ, ಲ್ಯಾಬ್ ಬೀಗದ ಕೈ, ಲ್ಯಾಪ್‌ಟಾಪ್ ವಾಪಸ್ ಮಾಡಿದ್ದಕ್ಕೆ ಸಹಿ ಬಿದ್ದಿರದಿದ್ದರೆ ಎಷ್ಟೋ ವರ್ಷದ ಮೇಲೂ ಫೈಲ್ ಅಲ್ಲೇ ನಿಲ್ಲುತ್ತದೆ.

ಇಷ್ಟೇ ಮುಖ್ಯವಾದದ್ದು, ಆ ಹುದ್ದೆ ಯಾಕೆ ಖಾಲಿಯಾಯಿತು ಅಂತ ಅಲ್ಲಿರುವ ನಂಬಿಕಸ್ಥರೊಬ್ಬರನ್ನು ಕೇಳಿ. ಒಂದೇ ವಿಭಾಗದಲ್ಲಿ ಮೇಲಿಂದ ಮೇಲೆ ಜನ ಬಿಟ್ಟಿದ್ದರೆ ಕಾರಣ ತಿಳಿಯದೆ ಅರ್ಜಿ ಹಾಕಬೇಡಿ. ಒಬ್ಬರನ್ನೇ ಕೇಳಿ ಅಂದೆ, ವಾಟ್ಸ್ಆಪ್ ಗುಂಪಿನಲ್ಲಿ ಅಲ್ಲ. ಈಗಿನ ಶಾಲೆಗೆ ಸುದ್ದಿ ಮುಟ್ಟುವುದು ಅಂಥ ಗುಂಪಿನಿಂದಲೇ. ಅರ್ಜಿಯಲ್ಲಿ "ನೇಮಕ ಖಚಿತವಾಗುವ ಮುನ್ನ ಈಗಿನ ಸಂಸ್ಥೆಯನ್ನು ದಯವಿಟ್ಟು ಸಂಪರ್ಕಿಸಬೇಡಿ" ಅಂತ ಸ್ಪಷ್ಟವಾಗಿ ಬರೆಯಿರಿ.

ಲೆಕ್ಕದ ಸರ್:
ಸಂಬಳದ ಮಾತು ಯಾರೂ ಎತ್ತಲಿಲ್ಲ. ಮರಳಿ ಸೇರುವವರನ್ನು ಹಲವು ಕಡೆ ಹೊಸ ನೇಮಕಾತಿ ಅಂತಲೇ ಪರಿಗಣಿಸುತ್ತಾರೆ: ಮತ್ತೆ ಪ್ರೊಬೇಷನ್, ಸೀನಿಯಾರಿಟಿ ಸೊನ್ನೆಯಿಂದ, ಹಳೆಯ ರಜೆ ಲೆಕ್ಕಕ್ಕಿಲ್ಲ. ಹಳೆಯ ಸೇವೆಯನ್ನು ವೇತನ ನಿಗದಿಗೆ ಎಣಿಸುತ್ತಾರೋ ಇಲ್ಲವೋ, ಪ್ರೊಬೇಷನ್ ಎಷ್ಟು ತಿಂಗಳು, ಇವು ಆದೇಶ ಪತ್ರದಲ್ಲಿ ಬರಹದಲ್ಲಿರಲಿ. ಹೊರಗಿನಿಂದ ಬರುವವರು ಚೌಕಾಸಿ ಮಾಡುತ್ತಾರೆ, ಹಳಬರು ಸಂಕೋಚಕ್ಕೆ ಸಿಕ್ಕಿ ಸುಮ್ಮನಾಗುತ್ತಾರೆ. ಅದು ಮ್ಯಾನೇಜ್‌ಮೆಂಟಿಗೂ ಗೊತ್ತು.

ಹಿನ್ನೆಲೆ ಪರಿಶೀಲನೆ, ಮೂಲ ಪ್ರಮಾಣಪತ್ರಗಳ ತಪಾಸಣೆ ಎಲ್ಲ ಹೊಸದಾಗಿಯೇ ಆಗಬಹುದು, "ಆಗಲೇ ಕೊಟ್ಟಿದ್ದೆನಲ್ಲ" ಅಂದರೆ ನಡೆಯುವುದಿಲ್ಲ. ಆದೇಶ ಪತ್ರ ಕೈಗೆ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಬಾಯಿಮಾತು ಯಾರದೇ ಆಗಿರಲಿ. ಸೇರುವ ದಿನಾಂಕ ಹೇಳುವಾಗ ಈಗಿನ ಶಾಲೆಯ ನೋಟಿಸ್ ಅವಧಿ ಮುಗಿದ ಮೇಲಿನ ದಿನವನ್ನೇ ಹೇಳಿ.

ಪ್ರಯೋಗಶಾಲೆ:
ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಇನ್ನೊಂದು ಇದೆ. ಆಗ ನನಗಿಂತ ಕಿರಿಯರಾಗಿದ್ದವರು ಈಗ ವಿಜ್ಞಾನ ವಿಭಾಗದ ಮುಖ್ಯಸ್ಥರು. ಸಂದರ್ಶನದಲ್ಲಿ ಅವರೂ ಇರುತ್ತಾರಂತೆ. ಡೆಮೊ ಕ್ಲಾಸ್ ಕೂಡ ಇದೆ.

ಕರಿಹಲಗೆ:
ಹಾಗಾದರೆ ಕಿರಿಯರಾಗಿದ್ದವರ ಕೈಕೆಳಗೆ ಕೆಲಸ ಮಾಡುತ್ತೀರಾ ಎಂಬ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಂಡು ಹೋಗಿ. "ನನಗೇನೂ ತೊಂದರೆ ಇಲ್ಲ" ಅಂದರೆ ಸಾಲದು, ಯಾರೂ ನಂಬುವುದಿಲ್ಲ. ಪಾಠ ಯೋಜನೆ, ಪ್ರಶ್ನೆಪತ್ರಿಕೆಗೆ ಅವರ ಒಪ್ಪಿಗೆ ಪಡೆದೇ ಮುಂದುವರಿಯುತ್ತೇನೆ ಅಂತ ಕೆಲಸದ ಮಾತಿನಲ್ಲಿ ಹೇಳಿ. ಸಮಿತಿಯ ಮುಂದೆ ಅವರನ್ನು ಏಕವಚನದಲ್ಲಿ ಕರೆಯಬೇಡಿ, ಹಳೆಯ ಸಲುಗೆಯಲ್ಲಿ ಬಾಯಿಗೆ ಬಂದುಬಿಡುತ್ತದೆ. "ಮತ್ತೆ ಬಿಟ್ಟು ಹೋಗುವುದಿಲ್ಲ ಅಂತ ಏನು ಖಾತ್ರಿ" ಅಂತಲೂ ಕೇಳುತ್ತಾರೆ. ಹೋದ ಕಾರಣ ಈಗ ಉಳಿದಿಲ್ಲ ಎಂಬುದನ್ನು ತೋರಿಸಿದರೆ ಸಾಕು, ಆಣೆ ಪ್ರಮಾಣ ಬೇಡ.

ಡೆಮೊಗೆ ಅಲ್ಲಿ ಆಗ ಮಾಡುತ್ತಿದ್ದ ಪಾಠವನ್ನೇ ಎತ್ತಿಕೊಳ್ಳಬೇಡಿ. ಮಕ್ಕಳು ಬೇರೆ, ಪಠ್ಯವೂ ಬದಲಾಗಿರಬಹುದು. ಯಾವ ತರಗತಿ, ಎಷ್ಟು ನಿಮಿಷ, ಎಷ್ಟು ಮಕ್ಕಳು, ಹಿಂದಿನ ಪೀರಿಯಡ್‌ನಲ್ಲಿ ಎಲ್ಲಿಗೆ ನಿಂತಿತ್ತು ಅಂತ ಮೊದಲೇ ಕೇಳಿ. 20 ನಿಮಿಷ ಕೊಟ್ಟರೆ ಒಂದೇ ಪರಿಕಲ್ಪನೆ, ಒಂದು ಚಿಕ್ಕ ಪ್ರಯೋಗ, ಕೊನೆಯ 4-5 ನಿಮಿಷ ಮಕ್ಕಳಿಗೆ ಅರ್ಥವಾಯಿತೇ ಎಂದು ನೋಡುವ ಪ್ರಶ್ನೆಗಳು. ಲ್ಯಾಬ್‌ನಲ್ಲಿ ಯಾವ ಸಾಮಾನು ಎಲ್ಲಿದೆ ಅಂತ ನಿಮಗೆ ಗೊತ್ತು ಅಂತ ನಂಬಿಕೊಂಡು ಹೋಗಬೇಡಿ, ಬೇಕಾದದ್ದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ.