ಸಹಾಯ ಬೇಕು: ಮರಗಳಡಿ ಶಾಖ ಯಾವ ಕಡೆಗೆ ಹರಿಯುತ್ತದೆ?

ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೆ ಮೂರು ಥರ್ಮಾಮೀಟರ್ ಕಟ್ಟಿದ್ದೇನೆ. ಮಧ್ಯಾಹ್ನ ನೆಲದ ಬಳಿ 28 ಡಿಗ್ರಿ, ದಟ್ಟ ಎಲೆಗಳ ನಡುವೆ 29, ಮರದ ನೆತ್ತಿ ದಾಟುವಂತೆ ಕಟ್ಟಿದ ಬಿದಿರ ಗಳದ ತುದಿಯಲ್ಲಿ 27. ಎಲೆಗಳಿಂದ ನೆಲದತ್ತ ಶಾಖ ಇಳಿಯಬೇಕು ಎಂದುಕೊಂಡಿದ್ದೆ. ಆದರೆ ಡೆನ್ಮೆಡ್ ಮತ್ತು ಬ್ರಾಡ್ಲಿ ಎಂಬ ವಿಜ್ಞಾನಿಗಳು ಆಸ್ಟ್ರೇಲಿಯಾದ ಪೈನ್ ಕಾಡಿನಲ್ಲಿ ಇಂಥ ಕಡೆಯೇ ಶಾಖ ಮೇಲಕ್ಕೆ ಹೋಗುವುದನ್ನು ಅಳೆದು 1985ರಲ್ಲಿ ಪ್ರಕಟಿಸಿದ್ದಾರೆ!

ಊದುಬತ್ತಿ ಹಚ್ಚಿ ನೋಡಿದೆ (ಅಮ್ಮ ಪೂಜೆಯೇನೋ ಎಂದುಕೊಂಡರು). ಹೊಗೆ ಬಹಳ ಹೊತ್ತು ಗಿಡಗಳ ನಡುವೆಯೇ ತೂಗಾಡಿತು. ಮೇಲಿನಿಂದ ಗಾಳಿ ನುಗ್ಗಿದೊಡನೆ ಒಮ್ಮೆಗೇ ಎದ್ದು ಹೋಯಿತು. ತಂಪು ಗಾಳಿ ಇಳಿದು ಕೆಳಗಿನ ಬೆಚ್ಚನೆಯದನ್ನು ಹೊರದೂಡುತ್ತದೆ, ಅಷ್ಟು ಅರ್ಥವಾಯಿತು. ಹಾಗಾದರೆ ಸರಾಸರಿ ಉಷ್ಣಾಂಶ ನೋಡಿ ಶಾಖದ ದಿಕ್ಕು ಹೇಳುವುದೇ ತಪ್ಪೇ? ಅಗ್ಗದ ಉಪಕರಣಗಳಿಂದ ಬೇರೇನು ಅಳೆಯಲಿ?