512 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 11 ಜೊತೆ ಮಿಂಟ್: ಸಿ ಡ್ರೈವ್ 38 ಜಿಬಿಗಿಂತ ಹೆಚ್ಚು ಕುಗ್ತಿಲ್ಲ

ಮಂಡಿಪೇಟೆ_ಲೆಕ್ಕ
ದಾವಣಗೆರೆ ಅಂಗಡಿಯ ಲೆಕ್ಕಕ್ಕೆ ಟ್ಯಾಲಿ, ಪತ್ರಗಳಿಗೆ ನುಡಿ. ಹಾಗಾಗಿ ವಿಂಡೋಸ್ ತೆಗೆಯೋ ಹಾಗಿಲ್ಲ, ಪಕ್ಕದಲ್ಲಿ ಲಿನಕ್ಸ್ ಮಿಂಟ್ ಹಾಕಬೇಕು. ಲ್ಯಾಪ್‌ಟಾಪ್‌ಗೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ (ವಿಂಡೋಸ್ ತೋರಿಸೋದು 476). ಇರೋದು ಸಿ ಡ್ರೈವ್ ಒಂದೇ, ಅದರಲ್ಲಿ 210 ಜಿಬಿ ಖಾಲಿ. ಆದರೂ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ಕೊಟ್ಟರೆ 38 ಜಿಬಿ ಮಾತ್ರ ಬಿಡ್ತಿದೆ. ಹೋಮ್ (ನಮ್ಮ ಫೈಲು ಇಡೋ ಜಾಗ) ಬೇರೆ ಮಾಡಬೇಕಾ? ಸ್ವಾಪ್ (ರ‍್ಯಾಮ್ ಸಾಲದಾಗ ಬಳಸೋ ಡಿಸ್ಕ್ ಜಾಗ) ಎಷ್ಟು? ಒಂದು ಡಿಸ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪಾರ್ಟಿಷನ್ (ಭಾಗ) ಆಗಲ್ಲ ಅಂತಾರೆ, ನಿಜಾನಾ?

ಕಲ್ಲಿನಕೋಟೆ
ನಾಲ್ಕರ ಮಿತಿ ಹಳೆಯ ಎಂಬಿಆರ್ ಪಾರ್ಟಿಷನ್ ಪಟ್ಟಿ ಇರೋ ಡಿಸ್ಕಿನದು. ವಿಂಡೋಸ್ 11 ಜೊತೆಗೇ ಬಂದ ಲ್ಯಾಪ್‌ಟಾಪ್ ಅಂದರೆ ಜಿಪಿಟಿ ಅನ್ನೋ ಹೊಸ ಪಟ್ಟಿ ಇರುತ್ತೆ, 128ರವರೆಗೂ ಮಾಡಬಹುದು.

ಸಿ ಕುಗ್ಗದಿರೋದಕ್ಕೆ ಕಾರಣ ಜಾಗದ ಕೊರತೆಯಲ್ಲ. ಡ್ರೈವಿನ ಮಧ್ಯದಲ್ಲಿ ಕೂತಿರೋ, ಸರಿಸೋಕೆ ಬಾರದ ಫೈಲು: ಹೈಬರ್ನೇಶನ್ ಫೈಲ್ (ಆಫ್ ಆಗುವಾಗ ರ‍್ಯಾಮ್‌ನಲ್ಲಿರೋದನ್ನು ಉಳಿಸೋದು), ಪೇಜ್‌ಫೈಲ್ (ವಿಂಡೋಸ್‌ನ ಸ್ವಾಪ್), ರಿಸ್ಟೋರ್ ಪಾಯಿಂಟ್ (ಹಿಂದಿನ ಸ್ಥಿತಿಗೆ ಮರಳೋಕೆ ಉಳಿಸಿದ ಪ್ರತಿ). ಶ್ರಿಂಕ್ ಪ್ರಯತ್ನಿಸಿದ ಮೇಲೆ ಇವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ಲಾಗ್‌ನಲ್ಲಿ 259 ಸಂಖ್ಯೆಯ ನಮೂದು ನೋಡಿ. ಅಡ್ಡ ನಿಂತಿರೋ ಫೈಲಿನ ಹೆಸರೇ ಅಲ್ಲಿರುತ್ತೆ.

ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ ಸ್ಲ್ಯಾಶ್ ಎಚ್ ಆಫ್’ ಕೊಡಿ. ವರ್ಚುವಲ್ ಮೆಮೊರಿಯಲ್ಲಿ ‘ನೋ ಪೇಜಿಂಗ್ ಫೈಲ್’ ಆರಿಸಿ, ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ (ಹಳೇ ರಿಸ್ಟೋರ್ ಪಾಯಿಂಟ್ ಅಳಿಸಿ), ರೀಸ್ಟಾರ್ಟ್ ಮಾಡಿ ಮತ್ತೆ ಶ್ರಿಂಕ್ ಕೊಡಿ. ಪೆಟ್ಟಿಗೆ ಕೇಳೋದು ಎಂಬಿಯಲ್ಲಿ: 150 ಜಿಬಿ ಬೇಕಾದರೆ 153600. ಮುಗಿದ ಮೇಲೆ ಪೇಜ್‌ಫೈಲ್ ವಾಪಸ್ ಹಾಕಿ, ಹೈಬರ್ನೇಶನ್ ಮಾತ್ರ ಆಫ್ ಇರಲಿ. ಅದರಿಂದ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತೆ. ಇಲ್ಲದಿದ್ದರೆ ವಿಂಡೋಸ್ ಶಟ್‌ಡೌನ್ ಆದರೂ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಡ್ರೈವ್ ಅರ್ಧ ತೆರೆದೇ ಇರುತ್ತೆ, ಮಿಂಟ್ ಅದನ್ನು ಓದೋಕೆ ಮಾತ್ರ ಬಿಡುತ್ತೆ.

ಟರ್ಮಿನಲ್_ತಿಪ್ಪೇಶ
ಇದಕ್ಕೂ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ನೋಡ್ರಿ. ಎಷ್ಟೋ ಲ್ಯಾಪ್‌ಟಾಪಿನಾಗ ಹೇಳದೇ ಕೇಳದೇ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿರತೈತಿ. 48 ಅಂಕಿ ರಿಕವರಿ ಕೀ ಒಂದು ಹಾಳ್ಯಾಗ ಬರಕೊಳ್ರಿ, ಬೂಟ್ ಬದಲಾದ ಕೂಡ್ಲೇ ಕೇಳಬಹುದು. ಕೀ ಫೋಟೊ ಅದೇ ಲ್ಯಾಪ್‌ಟಾಪಿನಾಗ ಇಟ್ಟರೆ ಏನುಪಯೋಗ ಹೇಳ್ರಿ!

ಸಿ ಆದ ಮೇಲೆ ಒಂದು ಸಣ್ಣ ರಿಕವರಿ ಪಾರ್ಟಿಷನ್ ಕಾಣತೈತಿ, ಅದನ್ನ ಮುಟ್ಟಬ್ಯಾಡ್ರಿ. ಚಾರ್ಜರ್ ಹಚ್ಚಿಟ್ಟೇ ಶ್ರಿಂಕ್ ಮಾಡ್ರಿ. ಡೆಸ್ಕ್‌ಟಾಪ್ ಆದ್ರೆ ಯುಪಿಎಸ್ ಬೇಕೇ ಬೇಕು, ಬ್ಯಾಸಿಗ್ಯಾಗ ಕರೆಂಟಿನ ಕತಿ ಗೊತ್ತಲ್ಲ.

ಬೆಣ್ಣೆನಗರಿ
150 ಜಿಬಿ ಸಿಕ್ಕರೆ ಹೀಗೆ ಹಂಚಿ: ರೂಟ್ (ಮಿಂಟ್ ವ್ಯವಸ್ಥೆ ಕೂರೋ ಜಾಗ) 60, ಹೋಮ್ 50, ಎರಡೂ ಎಕ್ಸ್ಟ್4 (ಲಿನಕ್ಸ್‌ನ ಫೈಲ್ ವ್ಯವಸ್ಥೆ). ಉಳಿದ 40 ಎನ್‌ಟಿಎಫ್‌ಎಸ್, ಎರಡೂ ಕಡೆ ಬಳಸೋ ಫೈಲಿಗೆ. ಈ 40ರದ್ದನ್ನು ವಿಂಡೋಸ್‌ನಲ್ಲೇ ಮಾಡಿ. ಎಕ್ಸ್‌ಫ್ಯಾಟ್ ಬೇಡ, ಅದರಲ್ಲಿ ಜರ್ನಲ್ (ಬರೆಯುವಾಗ ಅರ್ಧಕ್ಕೆ ನಿಂತರೆ ಸರಿಪಡಿಸೋಕೆ ನೆರವಾಗೋ ದಾಖಲೆ) ಇಲ್ಲ.

ರೂಟ್‌ಗೆ 25–30 ಸಾಕು ಅನ್ನೋ ಸಲಹೆ ಹಳೆಯದು. ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳೂ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್‌ಗಳೂ (ಮಿಂಟ್‌ನ ರಿಸ್ಟೋರ್ ಪಾಯಿಂಟ್) ರೂಟ್‌ನಲ್ಲೇ ಕೂರುತ್ತವೆ. ಅದು ತುಂಬಿದರೆ ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತೆ, ಪಕ್ಕದ ಹೋಮ್‌ನಲ್ಲಿ ಜಾಗ ಇದ್ದೂ ಪ್ರಯೋಜನವಿಲ್ಲ. ಹೋಮ್ ಬೇರೆ ಇದ್ದರೆ ಲಾಭ ಒಂದೇ: ಮಿಂಟ್ ಮರುಸ್ಥಾಪಿಸುವಾಗ ರೂಟ್ ಮಾತ್ರ ಫಾರ್ಮ್ಯಾಟ್ ಮಾಡಬಹುದು. ಸ್ವಾಪ್‌ಗೆ ಪಾರ್ಟಿಷನ್ ಬೇಡ, ಮಿಂಟ್ ಸ್ವಾಪ್ ಫೈಲ್ ಮಾಡಿಕೊಳ್ಳುತ್ತೆ.

ಇನ್‌ಸ್ಟಾಲರ್‌ನಲ್ಲಿ ‘ಸಮ್‌ಥಿಂಗ್ ಎಲ್ಸ್’ ಆರಿಸಿ. ‘ಇರೇಸ್ ಡಿಸ್ಕ್’ ಒತ್ತಿದರೆ ಟ್ಯಾಲಿ ಡೇಟಾವೂ ಹೋಗುತ್ತೆ, ಮೊದಲೇ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯಿರಿ. ಇಎಫ್‌ಐ (ಬೂಟ್ ಫೈಲುಗಳ) ಪಾರ್ಟಿಷನ್ ಹೊಸದು ಬೇಡ: ವಿಂಡೋಸ್ ಮಾಡಿದ 100 ಎಂಬಿಯದ್ದೇ ಸಾಕು, ಫಾರ್ಮ್ಯಾಟ್ ಟಿಕ್ ಇಲ್ಲದಿರೋದನ್ನು ಖಚಿತಪಡಿಸಿಕೊಳ್ಳಿ. ಹಳೇ ನುಡಿ ಕಡತ ಲಿಬ್ರೆಆಫೀಸ್‌ನಲ್ಲಿ ಗಿಜಿಬಿಜಿ ಕಂಡರೆ ಮಿಂಟ್‌ಗೂ ನುಡಿ ಫಾಂಟ್ ಹಾಕಿ.

ಮಂಡಿಪೇಟೆ_ಲೆಕ್ಕ
259ರಲ್ಲಿ ಹೈಬರ್ನೇಶನ್ ಫೈಲಿನ ಹೆಸರೇ ಇತ್ತು. ಆಫ್ ಮಾಡಿದ ಮೇಲೆ 162 ಜಿಬಿ ತೋರಿಸ್ತು, 150 ತಗೊಂಡು ಮಿಂಟ್ ಹಾಕಿದೆ. ಈಗ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದಿದೆಯಲ್ಲ?

ಟರ್ಮಿನಲ್_ತಿಪ್ಪೇಶ
ಮಿಂಟ್ ಲ್ಯಾಪ್‌ಟಾಪಿನ ಒಳಗಿನ ಗಡಿಯಾರನ ಯುಟಿಸಿಯಾಗ (ಜಾಗತಿಕ ಟೈಮು) ಇಡತೈತಿ, ವಿಂಡೋಸ್ ಅದನ್ನ ಇಲ್ಲಿನ ಟೈಮು ಅಂತ ಓದತೈತಿ. ಮಿಂಟ್ ಟರ್ಮಿನಲ್‌ನಾಗ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟು ರೀಸ್ಟಾರ್ಟ್ ಮಾಡ್ರಿ.